ಹಲ್ವದ ಲೆಕ್ಕ

ಮುಂಬಯಿ ಪಕ್ಕದ ಠಾಣೆ ನಗರಕ್ಕೆ ಬಂದ ಮೊದಲ ವರ್ಷ, 1989ರ ಸೆಪ್ಟೆಂಬರ್ ಕೊನೆಯಲ್ಲಿ, ಮೂರನೇ ಮಹಡಿಯ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ) ಒಂದು ಸ್ಟೀಲ್ ಡಬ್ಬಿ ಹಿಡಿದು ನಮ್ಮ ಮನೆಯ ಬಾಗಿಲಿಗೆ ಬಂದರು. ಮುಚ್ಚಳ ತೆಗೆದರೆ ತೆಳು ಗುಲಾಬಿ ಬಣ್ಣದ ಹಲ್ವ. ವಜ್ರದಾಕಾರಕ್ಕೆ ಕೊಯ್ದ ತುಂಡುಗಳು, ಮೇಲೆ ಸೀಳಿದ ಬಾದಾಮಿ. ಒಂದು ತುಂಡನ್ನು ಬಾಯಿಗಿಟ್ಟೆ. ಶಿವಮೊಗ್ಗದ ನಮ್ಮ ಹಳೆಯ ಅಡುಗೆಮನೆಯೇ ಕಣ್ಣ ಮುಂದೆ ಬಂತು. ಅಜ್ಜಿ ಮಾಡುತ್ತಿದ್ದ ಗೋಧಿ ಹಾಲುಬಾಯಿಯ ಹದ ಅದೇ, ನಾಲಿಗೆಯ ಮೇಲೆ ಜಾರುವ ನುಣುಪೂ ಅದೇ. ಬೆಲ್ಲದ ಜಾಗದಲ್ಲಿ ಸಕ್ಕರೆ ಇತ್ತು, ಅಷ್ಟೇ. ನನಗೆ ಆಗ ಮರಾಠಿ ಬರುತ್ತಿರಲಿಲ್ಲ. ಕೈಸನ್ನೆಯಲ್ಲೇ ಇನ್ನೊಂದು ತುಂಡು ಕೇಳಿ ತಿಂದೆ. ಅಂದಿನಿಂದ ಪ್ರತಿವರ್ಷ ಆ ಡಬ್ಬಿ ತಪ್ಪದೆ ನಮ್ಮ ಮನೆಗೆ ಬರುತ್ತಿದೆ.

ಮಾವಶಿ ಬೆನೆ ಇಸ್ರೇಲ್ ಸಮುದಾಯದ ಯಹೂದಿ. ಅಲಿಬಾಗ್ ಬಳಿಯ ನವಗಾಂವ್ ಕಡಲತೀರದಲ್ಲಿ ಹಡಗು ಒಡೆದು, ಬದುಕಿ ದಡ ಸೇರಿದ ಏಳು ಜೋಡಿಗಳ ಸಂತತಿ ತಾವು ಎಂಬುದು ಅವರ ಪರಂಪರೆಯ ಕಥೆ. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ಗಾಣ ನಡೆಸುತ್ತಿದ್ದರು, ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲ. ಹಾಗಾಗಿ ಊರವರು ಅವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎಂದು ಕರೆದರು. ಪೆಣ್ಕರ್, ದಿವೇಕರ್, ರೋಹೇಕರ್ ಎಂದು ಅಡ್ಡಹೆಸರುಗಳೆಲ್ಲ ಹಳ್ಳಿಗಳ ಹೆಸರುಗಳೇ. ಮನೆಮಾತು ಮರಾಠಿ. ಹೊಸವರ್ಷದ ಹಬ್ಬವನ್ನು ಹಿರಿಯರು ‘ನವ್ಯಾಚಾ ಸಣ’ ಎನ್ನುತ್ತಾರೆ. ಈ ಹಲ್ವ ಆ ಹಬ್ಬದ್ದು. 1950ರ ಆಸುಪಾಸಿನಲ್ಲಿ ದೇಶದಲ್ಲಿ 20,000ಕ್ಕೂ ಹೆಚ್ಚು ಯಹೂದಿಗಳಿದ್ದರು. ಬಹುಪಾಲು ಜನ ಇಸ್ರೇಲಿಗೆ ಹೋದರು. ಈಗ ಉಳಿದಿರುವವರು ಸುಮಾರು 5,000, ಅವರಲ್ಲೂ ಹೆಚ್ಚಿನವರು ಮುಂಬಯಿ ಮತ್ತು ಠಾಣೆಯ ಸುತ್ತಮುತ್ತ.

ಈ ವಿವರಗಳು ನನಗೆ ತಿಳಿದದ್ದು ತೀರ ತಡವಾಗಿ. ಮೂರು ದಶಕ ಅವರ ಹಲ್ವ ತಿಂದೆ, ಅವರ ಮಗಳ ಮೆಹಂದಿಗೆ ಹೋದೆ, ಯಜಮಾನರು ತೀರಿಕೊಂಡಾಗ ಏಳು ದಿನವೂ ಹೋಗಿ ನೆಲದ ಮೇಲೆ ಜೊತೆಗೆ ಕೂತೆ. ಆದರೆ ಅವರ ಸಮುದಾಯದ ಹೆಂಗಸರ ಬದುಕು ಹೇಗೆ ನಡೆಯುತ್ತದೆ ಎಂಬುದು ತಿಳಿದದ್ದು 2022ರ ಅಕ್ಟೋಬರಿನಲ್ಲಿ, ಲೆಕ್ಕದ ಪುಸ್ತಕ ನನ್ನ ಕೈಗೆ ಬಂದ ಮೇಲೆ.

ನಾನು ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ 31 ವರ್ಷ ದುಡಿದು ಆ ವರ್ಷವೇ ನಿವೃತ್ತಳಾಗಿದ್ದೆ. ಮಾವಶಿ ಒಂದು ಮಧ್ಯಾಹ್ನ ಬಂದು ಕುಳಿತು, “ವಹಿನಿ, ನಿನಗೆ ಲೆಕ್ಕ ಗೊತ್ತಲ್ಲ. ನಮ್ಮ ಹೆಂಗಸರ ಗುಂಪಿಗೆ ಸ್ವಲ್ಪ ಬಂದು ನೋಡುತ್ತೀಯಾ? ಎರಡು ವರ್ಷದಿಂದ ಹಬ್ಬದ ಹಲ್ವ ಮಾಡಿ ಮಾರುತ್ತಿದ್ದೇವೆ. ಲಾಭ ಬಂದಿದೆ ಎಂದು ಎಲ್ಲರೂ ಹೇಳುತ್ತಾರೆ, ಕೈಯಲ್ಲಿ ಮಾತ್ರ ಏನೂ ಇಲ್ಲ” ಎಂದರು.

ಗುಂಪಿನಲ್ಲಿ ಹದಿನಾಲ್ಕು ಜನ. ಹೆಚ್ಚಿನವರು ಐವತ್ತು ದಾಟಿದವರು, ಇಬ್ಬರು ವಿಧವೆಯರು. ಒಬ್ಬರು ಹರೆಯದಲ್ಲಿ ವರ್ಲಿಯ ಓಆರ್‌ಟಿ ಎಂಬ ಯಹೂದಿ ವೃತ್ತಿಶಿಕ್ಷಣ ಸಂಸ್ಥೆಯಲ್ಲಿ ಕೇಶಾಲಂಕಾರ ಕಲಿತು ಮದುವೆಯಾದ ಮೇಲೆ ಕತ್ತರಿ ಮುಟ್ಟದವರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಒಬ್ಬರ ಮನೆಯ ಹಜಾರದಲ್ಲಿ ಸೇರುತ್ತಿದ್ದರು. ಶನಿವಾರ ಸಬ್ಬತ್, ಆ ದಿನ ಕೆಲಸದ ಮಾತೇ ಇಲ್ಲ. ನಾನು ಮೊದಲ ತಿಂಗಳು ಅದನ್ನು ಮರೆತು ಶುಕ್ರವಾರ ರಾತ್ರಿ ಗುಂಪಿನ ವಾಟ್ಸ್ಆ್ಯಪ್‌ಗೆ ಪ್ರಶ್ನೆ ಹಾಕಿ ಉತ್ತರಕ್ಕೆ ಕಾಯುತ್ತಿದ್ದೆ. ಶನಿವಾರ ಸಂಜೆ ನಕ್ಷತ್ರ ಕಂಡ ಮೇಲೆ ಹದಿನಾಲ್ಕೂ ಉತ್ತರಗಳು ಒಟ್ಟಿಗೆ ಬಂದವು.

ಮೊದಲ ಭಾನುವಾರ ಅವರು ಮುಂದಿಟ್ಟದ್ದು ಶಾಲಾ ಮಕ್ಕಳ ಇನ್ನೂರು ಪುಟದ ನೋಟ್‌ಬುಕ್. ಅದರಲ್ಲಿ ತೆಂಗಿನಕಾಯಿ, ಸಕ್ಕರೆ, ಗೋಧಿ, ಬಾದಾಮಿ-ಪಿಸ್ತಾ, ಏಲಕ್ಕಿ ಇಷ್ಟೇ ಖರ್ಚು. ಆ ಕಡೆ ಮಾರಿದ ಹಣ. ಒಂದರಿಂದ ಇನ್ನೊಂದು ಕಳೆದರೆ ಲಾಭ. ನಾನು ಏನೂ ಹೇಳಲಿಲ್ಲ. “ಒಂದು ಸಲ ಮಾಡಿ ತೋರಿಸಿ, ಮೊದಲಿನಿಂದ ಕೊನೆಯವರೆಗೆ ನಾನು ಪಕ್ಕದಲ್ಲಿ ಕೂರುತ್ತೇನೆ” ಎಂದೆ.

ಅವರು ಮಾಡಿ ತೋರಿಸಿದರು. ಒಂದು ಕಿಲೋ ಗೋಧಿ ಮೂರು ದಿನ ನೆನೆಯಬೇಕು, ದಿನವೂ ನೀರು ಬದಲಿಸಬೇಕು. ನಾಲ್ಕನೇ ದಿನ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಹಾಲು ತೆಗೆದು ಒಂದು ರಾತ್ರಿ ಅಲುಗಿಸದೆ ಇಡಬೇಕು. ಬೆಳಿಗ್ಗೆ ಮೇಲಿನ ತಿಳಿನೀರು ಬಗ್ಗಿಸಿದರೆ ತಳದಲ್ಲಿ ಬೆಣ್ಣೆಯಂಥ ಗಟ್ಟಿ ಹಿಟ್ಟು ಕೂತಿರುತ್ತದೆ. ಅದೇ ‘ಚಿಕ್’. ಎಂಟು ತೆಂಗಿನಕಾಯಿ ಒಡೆದು, ತುರಿದು, ಹಾಲು ಹಿಂಡಿ, ಈ ಚಿಕ್ ಮತ್ತು ಎರಡು ಕಿಲೋ ಸಕ್ಕರೆಯೊಂದಿಗೆ ದೊಡ್ಡ ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟರೆ, ಅಲ್ಲಿಂದ ಮೂರು ಗಂಟೆ ಕೈ ನಿಲ್ಲುವಂತಿಲ್ಲ. ಒಬ್ಬರ ಕೈ ಸೋತಾಗ ಇನ್ನೊಬ್ಬರು ಸಟ್ಟುಗ ಹಿಡಿಯಬೇಕು. ಹಾಲು ಮೊದಲು ನೀರಾಗಿಯೇ ಇರುತ್ತದೆ. ಎಷ್ಟೋ ಹೊತ್ತಿನ ಮೇಲೆ ಪಾತ್ರೆಯ ಅಂಚಿನಲ್ಲಿ ಗುಳ್ಳೆ ಎದ್ದು ‘ಪುಸ್’ ಎಂದು ಒಡೆಯತೊಡಗುತ್ತದೆ. ಮಾವಶಿ ಆ ಶಬ್ದವನ್ನು ಕೇಳಿಯೇ ಉರಿ ತಗ್ಗಿಸುತ್ತಿದ್ದರು. ಸಟ್ಟುಗಕ್ಕೆ ಅಂಟಿದ್ದು ಒಟ್ಟಾಗಿ ಕಳಚಿ ಬಿದ್ದರೆ ಹದ ಬಂತು ಎಂದರ್ಥ. ಅಜ್ಜಿಯೂ ಹಾಗೆಯೇ ನೋಡುತ್ತಿದ್ದರು.

ಹಸುವಿನ ಹಾಲು ಹಾಕದೆ ತೆಂಗಿನ ಹಾಲನ್ನೇ ಯಾಕೆ ಹಾಕುತ್ತೀರಿ ಎಂದು ಆ ದಿನವೇ ಕೇಳಿದೆ. ಅವರ ಆಹಾರ ನಿಯಮದಲ್ಲಿ ಮಾಂಸ ಮತ್ತು ಹಾಲು ಒಟ್ಟಿಗೆ ಬರುವಂತಿಲ್ಲ, ಪಾತ್ರೆಗಳೂ ಬೇರೆ ಬೇರೆ. ಹಬ್ಬದ ಊಟದಲ್ಲಿ ಮಾಂಸ ಇರುತ್ತದೆ, ಮೇಲೆ ಸಿಹಿ ತಿನ್ನಬೇಕಾದರೆ ಅದರಲ್ಲಿ ಹಾಲು ಇರಕೂಡದು. ತೆಂಗು ಆ ಕಷ್ಟವನ್ನು ಪರಿಹರಿಸಿದೆ. ಕೊಂಕಣದ ತೆಂಗಿನ ಮರ ಧರ್ಮಗ್ರಂಥದ ನಿಯಮಕ್ಕೆ ಹೀಗೆ ಒದಗಿ ಬಂದದ್ದು ನನಗೆ ತುಂಬ ಸುಂದರವಾಗಿ ಕಂಡಿತು. ಅದನ್ನು ಕಂಡುಹಿಡಿದವರು ಯಾವ ಪಂಡಿತರೂ ಆಗಿರಲಾರರು, ಒಲೆಯ ಮುಂದೆ ನಿಂತ ಯಾವುದೋ ಹೆಂಗಸೇ ಇರಬೇಕು.

ನಾನು ಗಡಿಯಾರ ನೋಡುತ್ತ ಬರೆದುಕೊಂಡೆ. ಮುಂದಿನ ಭಾನುವಾರ ಆ ಹಾಳೆಯನ್ನು ಗೋಡೆಗೆ ಅಂಟಿಸಿದೆ. ಒಂದು ಪಾತ್ರೆಗೆ ಅವರು ಬರೆದ ಖರ್ಚು 755 ರೂಪಾಯಿ. ನಾಲ್ಕು ಕಿಲೋ ಹಲ್ವ ಬರುತ್ತದೆ, ಕಿಲೋಗೆ 280ರಂತೆ ಮಾರಿದರೆ 1,120. ಲಾಭ 365 ಎಂದು ಅವರ ಪುಸ್ತಕ ಹೇಳುತ್ತಿತ್ತು. ಗ್ಯಾಸ್ 90, ಡಬ್ಬಿಗಳು 96, ಮಾರುಕಟ್ಟೆಯಿಂದ ಕಾಯಿ ತಂದ ಆಟೋ 80. ಇವು ಮೂರೂ ಪುಸ್ತಕದಲ್ಲಿ ಇರಲಿಲ್ಲ. ಗ್ಯಾಸ್ ಒಬ್ಬರ ಮನೆಯದು, ಆಟೋ ಹಣ ಇನ್ನೊಬ್ಬರ ಪರ್ಸಿನದು. ಅದನ್ನೂ ಕಳೆದರೆ ಉಳಿಯುವುದು 99 ರೂಪಾಯಿ. ನೆನೆಸಿಟ್ಟು ಕಾಯುವ ಹೊತ್ತು ಬಿಟ್ಟು, ಕೈ ಆಡಿದ ಹೊತ್ತನ್ನು ಮಾತ್ರ ಕೂಡಿಸಿದರೆ ಹದಿನಾಲ್ಕು ಗಂಟೆ.

“ಗಂಟೆಗೆ ಏಳು ರೂಪಾಯಿ” ಎಂದೆ.

ಹಜಾರದಲ್ಲಿ ಯಾರೂ ಮಾತಾಡಲಿಲ್ಲ. ಕೇಶಾಲಂಕಾರ ಕಲಿತಿದ್ದ ತಾಯಿ ಹಾಳೆಯ ಹತ್ತಿರ ಹೋಗಿ ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಆಮೇಲೆ ಕೇಳಿದರು: “ಕಾಯಿ ತುರಿದದ್ದನ್ನೂ ಬರೆಯಬೇಕೇ?”

ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಸಮುದಾಯದ ಹೆಂಗಸರಿಗೆ ಬಲ ಬರಬೇಕು ಎಂದು ಎಷ್ಟೋ ಕಾರ್ಯಕ್ರಮಗಳು ನಡೆಯುತ್ತವೆ, ಭಾಷಣಗಳಾಗುತ್ತವೆ, ಪ್ರಮಾಣಪತ್ರ ಹಂಚುತ್ತಾರೆ. ನಾನು ಅಂಥ ಎರಡು ಮೂರಕ್ಕೆ ಹೋಗಿಯೂ ಇದ್ದೇನೆ. ಆದರೆ ಮನೆಯಲ್ಲಿ, ಪ್ರಾರ್ಥನಾ ಮಂದಿರದಲ್ಲಿ, ಹರಕೆಯ ಮಲೀದಾ ತಟ್ಟೆಗೆ ಅವಲಕ್ಕಿ ಕಲಸುವಲ್ಲಿ, ಸಾವಿನ ಮನೆಗೆ ಊಟ ಕಳಿಸುವಲ್ಲಿ ಇವರು ಮಾಡುವ ಕೆಲಸ ಯಾವ ವಹಿಯಲ್ಲೂ ಬರೆದಿಲ್ಲ. ಬರೆಯಬೇಕೆಂದು ಯಾರಿಗೂ, ಅವರಿಗೂ, ಅನಿಸಿಲ್ಲ. ನನಗೆ ಖಾತೆ-ಕಿರ್ದಿ ಬಿಟ್ಟು ಬೇರೇನೂ ಬರುವುದಿಲ್ಲ. ಅದನ್ನೇ ಕಲಿಸುವುದು ಎಂದು ಗಟ್ಟಿ ಮಾಡಿಕೊಂಡೆ.

ಬೆಲೆ ಏರಿಸುವುದಕ್ಕೆ ಮೂರು ಭಾನುವಾರ ಚರ್ಚೆಯಾಯಿತು. “ಹಬ್ಬದ ಸಿಹಿಗೆ ಇಷ್ಟು ಕೇಳಿದರೆ ಜನ ಏನೆಂದುಕೊಂಡಾರು?” ಎಂದು ಒಬ್ಬರು. “ಅಂಗಡಿಯ ಮಿಠಾಯಿಗೆ ಕೊಡುವಾಗ ಏನೂ ಅಂದುಕೊಳ್ಳುವುದಿಲ್ಲವಲ್ಲ” ಎಂದು ಇನ್ನೊಬ್ಬರು. ಕೊನೆಗೆ ಕಿಲೋಗೆ 480 ಎಂದು ತೀರ್ಮಾನವಾಯಿತು. ಆ ದರದಲ್ಲಿ ಗಂಟೆಗೆ 64 ರೂಪಾಯಿ ಬೀಳುತ್ತದೆ. ನನಗೆ ಇನ್ನೂ ಹೆಚ್ಚು ಬೇಕಿತ್ತು, ಅವರು ಒಪ್ಪಲಿಲ್ಲ. ಲೆಕ್ಕ ಅವರದು, ನಾನು ಸುಮ್ಮನಾದೆ.

ಮುಂದಿನ ಕೆಲಸ ಬ್ಯಾಂಕ್ ಖಾತೆ. ಸ್ವಸಹಾಯ ಸಂಘದ ಮಾದರಿಯಲ್ಲಿ ನಿರ್ಣಯ ಬರೆದು, ಹದಿನಾಲ್ಕು ಜನರ ಸಹಿ ಹಾಕಿಸಿ, ವಹಿವಾಟು ನಡೆಸುವ ನಾಲ್ವರನ್ನು ಆರಿಸಿ, ಕಾಗದಗಳನ್ನು ಜೋಡಿಸಿಕೊಂಡು ಹೋದೆವು. ಆ ಶಾಖೆಯ ಹೆಸರು ಬೇಡ. ಒಳಗೆ ಹೋದವರು ಇಪ್ಪತ್ತು ನಿಮಿಷದಲ್ಲಿ ಹೊರಗೆ ಬಂದೆವು. ನಾಲ್ವರಲ್ಲಿ ಒಬ್ಬರ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇತ್ತು.

ಅವರು ನಾನು ಹೇಳಿದ ವಿಧವೆಯರಲ್ಲಿ ಹಿರಿಯರು, ಅರವತ್ತೆಂಟರ ಪ್ರಾಯ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಹೋಲುವ ಉದಾಹರಣೆ ಕೊಡುತ್ತೇನೆ. ತಾಯಿ ತಂದೆ ಇಟ್ಟದ್ದು ರಾಹೇಲ್ ಎಂದಿಟ್ಟುಕೊಳ್ಳಿ. ಆಧಾರ್ ಮಾಡಿಸಿದ ದಿನ ಕಂಪ್ಯೂಟರ್ ಮುಂದಿದ್ದ ಹುಡುಗ ಅದನ್ನು ರೇಚಲ್ ಎಂದು ಬರೆದ. ಮಹಾರಾಷ್ಟ್ರದ ರೂಢಿಯಂತೆ ಮದುವೆಗೆ ಮುಂಚೆ ನಡುವಿನ ಹೆಸರು ತಂದೆಯದು, ಆಮೇಲೆ ಗಂಡನದು. ಶಾಲೆಯ ದಾಖಲೆಯಲ್ಲಿ ಒಂದು, ಪಾನ್ ಕಾರ್ಡಿನಲ್ಲಿ ಇನ್ನೊಂದು, ಗಂಡನ ಪಿಂಚಣಿ ಪುಸ್ತಕದಲ್ಲಿ ಮೂರನೆಯದು. ಒಬ್ಬ ಹೆಂಗಸು, ಮೂರು ಹೆಸರು.

ಮದುವೆಯಾದದ್ದಕ್ಕೆ ದಾಖಲೆ ಕೇಳಿದರು. ಅವರು ಚೀಲದಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಕಾಗದ ತೆಗೆದರು. ಅದು ಅವರ ಕೇತುಬಾ, ಯಹೂದಿ ವಿವಾಹದ ಕರಾರು ಪತ್ರ. ಗಂಡ ಹೆಂಡತಿಗೆ ಏನೇನು ಕೊಡಬೇಕು, ಅವಳ ಯೋಗಕ್ಷೇಮಕ್ಕೆ ಹೇಗೆ ಬಾಧ್ಯ ಎಂದು ಅರಮಾಯಿಕ್ ಭಾಷೆಯಲ್ಲಿ ಬರೆದ ಪತ್ರ. ಅದು ಹೆಂಡತಿಯ ಸ್ವತ್ತು, ಅವಳೇ ಇಟ್ಟುಕೊಳ್ಳಬೇಕು. ನಲವತ್ತೇಳು ವರ್ಷ ಅವರು ಅದನ್ನು ಕಪಾಟಿನ ಸೀರೆಗಳ ನಡುವೆ ಕಾಪಾಡಿದ್ದರು. ಮಡಿಕೆಗಳಲ್ಲಿ ಕಾಗದ ಕಂದಾಗಿ ಬಿರುಕು ಬಿಟ್ಟಿತ್ತು, ಅಂಚಿನ ಹೂಬಳ್ಳಿಯ ಕೆಂಪು ಮಾತ್ರ ಹಾಗೇ ಇತ್ತು. ಕೌಂಟರಿನವರು ಅದನ್ನು ಒಮ್ಮೆ ತಿರುಗಿಸಿ ನೋಡಿ, ಯಾವ ಕಡೆ ಮೇಲೆಂದು ತಿಳಿಯದೆ ವಾಪಸ್ ಕೊಟ್ಟರು. ನಗರಪಾಲಿಕೆಯ ವಿವಾಹ ನೋಂದಣಿ ಪತ್ರವೇ ಬೇಕೆಂದರು. ಗಂಡ ತೀರಿಕೊಂಡ ಮೇಲೆ ಅದನ್ನು ಈಗ ಎಲ್ಲಿಂದ ತರುವುದು?

ಆ ಕಾಗದವನ್ನು ಮತ್ತೆ ಸುತ್ತುವಾಗ ಅವರ ಕೈ ನಡುಗುತ್ತಿತ್ತು. ಹೆಣ್ಣಿನ ಹಕ್ಕನ್ನೇ ಬರೆದಿಟ್ಟ ಪತ್ರವದು. ನನಗೆ ಆ ದಿನದ ಸಂಕಟ ಇನ್ನೂ ಹೋಗಿಲ್ಲ.

ಕಾಗದ ಸರಿಯಿದ್ದ ಮೂವರ ಸಹಿಯಲ್ಲಿ 2023ರ ಫೆಬ್ರುವರಿಯಲ್ಲಿ ಖಾತೆ ತೆರೆಯಿತು. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅದಕ್ಕಿಂತ ಸುಲಭವಾಯಿತು. ನಾವು ಅರ್ಜಿ ಹಾಕಿದಾಗ ವರ್ಷಕ್ಕೆ 12 ಲಕ್ಷ ರೂಪಾಯಿವರೆಗೆ ವಹಿವಾಟಿರುವ ಸಣ್ಣವರಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ. ಅರ್ಜಿ, ಭಾವಚಿತ್ರ, ಗುರುತಿನ ಚೀಟಿ, ಎಲ್ಲವೂ ಮೊಬೈಲಿನಲ್ಲೇ ಮುಗಿಯಿತು. ಮನೆಯಲ್ಲಿ ತಿಂಡಿ ಮಾಡಿ ಮಾರುವ ಯಾರಾದರೂ ಇದನ್ನು ಓದುತ್ತಿದ್ದರೆ, ಮೊದಲು ಇದನ್ನು ಮಾಡಿಸಿಕೊಳ್ಳಿ.

ಬೇರೆ ಅರ್ಜಿಗಳಲ್ಲಿ ತೊಡಕಾದದ್ದು ‘ಧರ್ಮ’ ಎಂಬ ಕಾಲಂ. ಕೊಟ್ಟ ಪಟ್ಟಿಯಲ್ಲಿ ಯಹೂದಿ ಎಂಬುದೇ ಇರುವುದಿಲ್ಲ. ‘ಇತರೆ’ ಎಂದು ಒತ್ತಬೇಕು. 2016ರಲ್ಲಿ ಮಹಾರಾಷ್ಟ್ರ ಸರ್ಕಾರ ಯಹೂದಿಗಳಿಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟಿದೆ, ಎರಡು ವರ್ಷದ ಮೇಲೆ ಗುಜರಾತ್ ಕೂಡ ಕೊಟ್ಟಿತು. ಕೇಂದ್ರದ ಪಟ್ಟಿಯಲ್ಲಿ ಅವರು ಇಲ್ಲ. ಆ ಆದೇಶ ಹೊರಬಿದ್ದಿರುವುದು ಗುಂಪಿನ ಅರ್ಧ ಜನರಿಗೆ ಗೊತ್ತೇ ಇರಲಿಲ್ಲ. ಆದೇಶದ ಪ್ರತಿಯನ್ನು ಮುದ್ರಿಸಿ ಎಲ್ಲರ ಕಡತದಲ್ಲೂ ಒಂದೊಂದು ಇರಿಸಿದೆವು. ಮಗಳನ್ನು ಕಾಲೇಜಿಗೆ ಸೇರಿಸಲು ಹೋದ ಒಬ್ಬ ತಾಯಿ ಅದನ್ನು ಮೇಜಿನ ಮೇಲಿಟ್ಟು, “ಇದನ್ನು ಓದಿ, ಆಮೇಲೆ ಮಾತಾಡೋಣ” ಎಂದರಂತೆ. ಆಕೆ ಮೊದಲ ಭಾನುವಾರ ನನ್ನ ಎದುರು ಬಾಯಿಯನ್ನೇ ತೆರೆದಿರಲಿಲ್ಲ.

ಹುಡುಗಿಯರು ಬಂದದ್ದು ಆಮೇಲೆ. ಏಳು ಜನ, ಹನ್ನೊಂದರಿಂದ ಹದಿನೇಳರವರೆಗಿನ ವಯಸ್ಸು. ಮೊದಲ ದಿನವೇ ಅವರಲ್ಲಿ ಒಬ್ಬಳು, “ಕಾಕು, ಅಮ್ಮಂದಿರಿಗೆ ಹಲ್ವ ಇದೆ. ನಮಗೆ ಅಡುಗೆ ಬೇಡ, ಬೇರೆ ಏನಾದರೂ ಕೊಡಿ” ಎಂದಳು. ಅವಳ ಧೈರ್ಯ ನನಗೆ ಹಿಡಿಸಿತು. ಡಬ್ಬಿಯ ಲೇಬಲ್ ಬಿಡಿಸುವುದು, ಆರ್ಡರುಗಳನ್ನು ಕಂಪ್ಯೂಟರಿಗೆ ಏರಿಸುವುದು ಅವಳ ಪಾಲಿಗೆ ಬಂತು. ಉಳಿದವರಿಗೆ ಇನ್ನೊಂದು ಕೆಲಸ ಕೊಟ್ಟೆವು. ಅಜ್ಜಿಯ ಪಕ್ಕ ಕೂತು ಅವರಿಗೆ ಬರುವ ಹಾಡು, ಅಡುಗೆ, ಹಬ್ಬಗಳ ಹಳೆಯ ಹೆಸರು ಬರೆದುಕೊಂಡು ಬರಬೇಕು, ಭಾನುವಾರ ಎದ್ದು ನಿಂತು ಓದಬೇಕು.

ಅವರು ತಂದದ್ದು ಒಂದೊಂದೂ ಹೊನ್ನಿನಂಥದ್ದು. ಉಪವಾಸದ ಯೋಮ್ ಕಿಪ್ಪೂರ್ ದಿನಕ್ಕೆ ಹಳಬರ ಹೆಸರು ‘ದಾರ್‌ಫಾಲ್ನೀಚಾ ಸಣ’, ಬಾಗಿಲು ಮುಚ್ಚುವ ಹಬ್ಬ. ಜೆರುಸಲೇಮಿನ ದೇವಾಲಯ ನಾಶವಾದ ಶೋಕದ ದಿನಕ್ಕೆ ‘ಬಿರ್ಡ್ಯಾಚಾ ಸಣ’, ಏಕೆಂದರೆ ಆ ದಿನ ಮೊಳಕೆ ಬಂದ ವಾಲ್ ಕಾಳಿನ ಸಿಪ್ಪೆ ಸುಲಿದು ಸಾರು ಮಾಡುತ್ತಾರೆ. ನಮ್ಮ ಹಿತಕಿದ ಅವರೆಯ ಬಂಧು ಅದು. ಪೂಜೆಯ ದ್ರಾಕ್ಷಾರಸ ಸಿಗದ ಕಾಲದಲ್ಲಿ ಒಣದ್ರಾಕ್ಷಿ ನೆನೆಸಿ ಹಿಂಡಿ ಶರಬತ್ತು ಮಾಡಿಕೊಂಡ ಬಗೆಯನ್ನು ಒಬ್ಬಳು ಅಳತೆ ಸಮೇತ ಬರೆದು ತಂದಳು. ಒಬ್ಬ ಅಜ್ಜಿಯಂತೂ ಟಿಪ್ಪುವಿನ ಕಥೆಯನ್ನೇ ಹೇಳಿಕಳಿಸಿದ್ದರು. ಕಂಪನಿ ಸೈನ್ಯದಲ್ಲಿದ್ದ ಸ್ಯಾಮುಯೆಲ್ ದಿವೇಕರ್ ಮೈಸೂರು ಯುದ್ಧದಲ್ಲಿ ಸೆರೆ ಸಿಕ್ಕರು, ಬೆನೆ ಇಸ್ರೇಲ್ ಎಂಬ ಹೆಸರು ಕೇಳಿ ಟಿಪ್ಪುವಿನ ತಾಯಿ ಅವರ ಪ್ರಾಣ ಉಳಿಸಲು ಹೇಳಿದಳು, ಅವರು ಮರಳಿ ಬಂದು 1796ರಲ್ಲಿ ಮುಂಬಯಿಯ ಮೊದಲ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಕಟ್ಟಿಸಿದರು ಎಂದು ಸಮುದಾಯದಲ್ಲಿ ಹೇಳುತ್ತ ಬಂದಿದ್ದಾರೆ. ಜಾಗ ಬದಲಾದರೂ ಆ ಸಿನಗಾಗ್ ಇಂದಿಗೂ ಇದೆ. “ನಿಮ್ಮ ಕಡೆಯ ತಾಯಿಯ ಒಂದು ಮಾತಿನಿಂದ” ಎಂದು ಆ ಹುಡುಗಿ ನನ್ನತ್ತ ತಿರುಗಿ ಹೇಳಿದಳು.

ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಜುಲೈ ತಿಂಗಳ ಒಂದು ಭಾನುವಾರ. ಸಮುದಾಯದ ಹಿರಿಯ ಮಹಿಳೆಯರ ಬಗ್ಗೆ ಓದಿ ಬನ್ನಿ ಎಂದಿದ್ದೆವು. ಹದಿಮೂರರ ಹುಡುಗಿಯೊಬ್ಬಳು ಎದ್ದು ನಿಂತು ಓದತೊಡಗಿದಳು: “ಡಾಕ್ಟರ್ ಜೆರುಶಾ ಝಿರಾಡ್. ಜನನ 1890, ಶಿಮೊಗಾ.”

“ಎಲ್ಲಿ?” ಎಂದೆ.

“ಶಿಮೊಗಾ, ಕಾಕು. ಕರ್ನಾಟಕದಲ್ಲಿದೆ.” ಮುಂದೆ ಓದಿದಳು. “ರೆಬೆಕ್ಕಾ ರೂಬೆನ್. ಜನನ 1889.” ಮತ್ತೆ ಶಿಮೊಗಾ.

ನಾನು ಹುಟ್ಟಿ, ಓದಿ, ಮದುವೆಯಾಗಿ ಹೊರಟ ಊರು. ತುಂಗೆಯಲ್ಲಿ ಈಜು ಕಲಿತ ಊರು. ಅಲ್ಲಿ ಇಪ್ಪತ್ತೆರಡು ವರ್ಷ ಇದ್ದೆ, ಈ ಎರಡು ಹೆಸರನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ. ಶಾಲೆಯಲ್ಲಿ ಯಾವ ಪಾಠದಲ್ಲೂ ಇರಲಿಲ್ಲ. ಒಂದೇ ವರ್ಷದ ಅಂತರದಲ್ಲಿ ನಮ್ಮೂರಿನಲ್ಲಿ ಹುಟ್ಟಿದ ಇಬ್ಬರು ಬೆನೆ ಇಸ್ರೇಲ್ ಹೆಣ್ಣುಮಕ್ಕಳು ಪುಣೆಯ ಹುಜೂರ್‌ಪಾಗಾ ಶಾಲೆಯಲ್ಲಿ ಓದಿದರು. ರೆಬೆಕ್ಕಾ 1905ರ ಮುಂಬಯಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಇಡೀ ಪ್ರಾಂತಕ್ಕೇ ಮೊದಲಿಗರಾದರು. ಧಾರವಾಡ, ಬೆಳಗಾವಿಯ ಹುಡುಗರೂ ಆಗ ಅದೇ ಪರೀಕ್ಷೆಗೆ ಕೂರುತ್ತಿದ್ದರು. ಆಮೇಲೆ ಇಂಗ್ಲೆಂಡಿಗೆ ಹೋಗಿ ಓದಿ ಬಂದು, 1922ರಿಂದ 1950ರವರೆಗೆ ಮುಂಬಯಿಯ ಮಜಗಾಂವ್‌ನಲ್ಲಿರುವ ಸಮುದಾಯದ ಶಾಲೆಗೆ ಪ್ರಾಂಶುಪಾಲರಾಗಿದ್ದರು. 1875ರಲ್ಲಿ ಆರಂಭವಾದ ಆ ಶಾಲೆಗೆ ಈಗ ಸರ್ ಎಲಿ ಕಡೂರಿ ಶಾಲೆ ಎಂದು ಹೆಸರು. ಜೆರುಶಾ ಲಂಡನ್ನಿನಲ್ಲಿ ಪ್ರಸೂತಿ ವಿಜ್ಞಾನದಲ್ಲಿ ಎಂ.ಡಿ. ಮಾಡಿದರು, ಕೆಲ ಕಾಲ ಬೆಂಗಳೂರಿನ ಹೆರಿಗೆ ಆಸ್ಪತ್ರೆಯಲ್ಲೂ ದುಡಿದರು, ಸುಮಾರು ಎರಡು ದಶಕ ಮುಂಬಯಿಯ ಕಾಮಾ ಆಸ್ಪತ್ರೆಯನ್ನು ನಡೆಸಿದರು. 1950ರಲ್ಲಿ ದೇಶದ ಪ್ರಸೂತಿ ತಜ್ಞರ ಒಕ್ಕೂಟ ಹುಟ್ಟಿದಾಗ ಮೊದಲ ಅಧ್ಯಕ್ಷೆ ಅವರೇ. 1966ರಲ್ಲಿ ಪದ್ಮಶ್ರೀ ಬಂತು.

ಹುಡುಗಿ ಕೊನೆಗೆ ಓದಿದ್ದು 1913ರ ಬಗ್ಗೆ. ಆ ವರ್ಷ ಮುಂಬಯಿಯಲ್ಲಿ ಬೆನೆ ಇಸ್ರೇಲ್ ಹೆಂಗಸರು ಸೇರಿ ಸ್ತ್ರೀ ಮಂಡಳ ಕಟ್ಟಿಕೊಂಡಿದ್ದರು. ನೂರು ವರ್ಷಕ್ಕೂ ಹಿಂದೆ! ನಮ್ಮ ಹಜಾರದಲ್ಲಿ ಕೂತಿದ್ದ ಹೆಂಗಸರು ತಾವು ಹೊಸದಾಗಿ ಏನನ್ನೋ ಶುರುಮಾಡಿದ್ದೇವೆ ಎಂದುಕೊಂಡಿದ್ದರು. ಮಾವಶಿ ಕಣ್ಣೊರೆಸಿಕೊಂಡು, “ನಮ್ಮ ಆಯಿ ಮಂಡಳಕ್ಕೆ ಹೋಗುತ್ತಿದ್ದಳು. ಹೊಲಿಗೆ ಕಲಿಯುವುದಕ್ಕೆ ಎಂದು ನಾನು ತಿಳಿದಿದ್ದೆ” ಎಂದರು.

ನಾನು ಆ ಸಂಜೆ ಶಿವಮೊಗ್ಗಕ್ಕೆ ಫೋನ್ ಮಾಡಿ ತಮ್ಮನಿಗೆ ಎಲ್ಲ ಹೇಳಿದೆ. ಅವನ ಮಗಳು ಫೋನ್ ಕಸಿದುಕೊಂಡು, “ಅತ್ತೆ, ಹೆಸರುಗಳ ಕಾಗುಣಿತ ಹೇಳಿ, ಬರೆದುಕೊಳ್ಳುತ್ತೇನೆ” ಎಂದಳು. ಒಂದೊಂದೇ ಅಕ್ಷರ ಹೇಳಿ ಬರೆಸಿದೆ.

ಆಗಸ್ಟಿನಲ್ಲಿ ಏಳೂ ಹುಡುಗಿಯರನ್ನು ಕರೆದುಕೊಂಡು ಲೋಕಲ್ ರೈಲಿನಲ್ಲಿ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ಗೆ ಹೋಗಿ, ಅಲ್ಲಿಂದ ಕಾಮಾ ಆಸ್ಪತ್ರೆಯವರೆಗೆ ನಡೆದೆವು. ಒಳಗೆ ಹೋಗಲಿಲ್ಲ, ಬಾಣಂತಿಯರಿರುವ ಜಾಗ. ಹೊರಗೆ ನಿಂತು ಹದಿಮೂರರ ಹುಡುಗಿ ತನ್ನ ಬರಹವನ್ನು ಮತ್ತೊಮ್ಮೆ, ಈ ಸಲ ಕಾಗದ ನೋಡದೆ, ಹೇಳಿದಳು. ಬಸ್ಸಿನ ಗದ್ದಲದ ನಡುವೆಯೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

ಆ ವರ್ಷದ ನವ್ಯಾಚಾ ಸಣಕ್ಕೆ 33 ಕಿಲೋ ಹಲ್ವ ಹೋಯಿತು. ಹಿಂದಿನ ವರ್ಷ 41 ಹೋಗಿತ್ತು. ಎಂಟು ಕಿಲೋ ಕಡಿಮೆಯಾದದ್ದಕ್ಕೆ ಕೆಲವರು ಬೇಸರಪಟ್ಟರು, ಹಣ ಎಣಿಸಿದ ಮೇಲೆ ಬೇಸರ ಹೋಯಿತು. ಪ್ರತಿಯೊಬ್ಬರಿಗೂ ಅವರವರ ಗಂಟೆಗೆ ತಕ್ಕಂತೆ ಖಾತೆಯಿಂದ ಖಾತೆಗೆ ಹೋಯಿತು. ನಾಲ್ವರಿಗೆ ಸ್ವಂತ ಖಾತೆಯೇ ಇರಲಿಲ್ಲ, ಅದಕ್ಕಾಗಿಯೇ ತೆರೆಸಿದೆವು.

ಮೂರು ಹೆಸರಿನ ಆ ಹಿರಿಯರ ಕೆಲಸ ಮಾತ್ರ ಮುಗಿದಿರಲಿಲ್ಲ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನಕ್ಕೆ ಎರಡೇ ಅವಕಾಶ. ಅವರದು ಒಂದು ಮುಗಿದಿತ್ತು. ಆಧಾರ್ ಇದ್ದ ಹಾಗೇ ಇರಲಿ, ಉಳಿದ ಕಾಗದಗಳನ್ನು ಅದಕ್ಕೆ ಹೊಂದಿಸೋಣ, ಎರಡು ತಿಂಗಳಲ್ಲಿ ಮುಗಿಯುತ್ತದೆ ಎಂದು ನಾನು ಸಲಹೆ ಕೊಟ್ಟೆ. ಲೆಕ್ಕದವಳ ಬುದ್ಧಿ, ಹತ್ತಿರದ ದಾರಿ ಹುಡುಕುತ್ತದೆ. ಅವರು ತಲೆಯಾಡಿಸಿದರು.

“ಅದು ನನ್ನ ಹೆಸರಲ್ಲ. ನಮ್ಮಮ್ಮ ನನ್ನನ್ನು ಹಾಗೆ ಒಂದು ದಿನವೂ ಕರೆಯಲಿಲ್ಲ. ಸಹಿ ಹಾಕುವಾಗ ಬೇರೆಯವಳ ಹೆಸರು ಬರೆಯಲೇ?”

ನಾನು ಮರುಮಾತಾಡಲಿಲ್ಲ. ನೋಟರಿಯ ಬಳಿ ಪ್ರಮಾಣಪತ್ರ ಮಾಡಿಸಿ, ರಾಜ್ಯಪತ್ರದಲ್ಲಿ ಹೆಸರಿನ ಪ್ರಕಟಣೆಗೆ ಅರ್ಜಿ ಹಾಕಿ, ಅದು ಒಮ್ಮೆ ತಿರಸ್ಕೃತವಾಗಿ, ಮತ್ತೆ ಹಾಕಿ, ಪ್ರಕಟವಾದ ಮೇಲೆ ಆಧಾರ್, ಆಮೇಲೆ ಪಾನ್, ಆಮೇಲೆ ಪಿಂಚಣಿ ಪುಸ್ತಕ. ಹದಿನೆಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವರು ಕ್ಯಾಲೆಂಡರಿನ ಹಳೆಯ ಹಾಳೆಗಳ ಹಿಂಬದಿಯಲ್ಲಿ ದಿನವೂ ಸಹಿ ಅಭ್ಯಾಸ ಮಾಡುತ್ತಿದ್ದರು. ಮೊದಲ ಹಾಳೆಗಳಲ್ಲಿ ಅಕ್ಷರಗಳು ಒಂದರಿಂದೊಂದು ದೂರ ನಿಂತಿವೆ, ಕೊನೆಯವುಗಳಲ್ಲಿ ಒಂದೇ ಎಳೆಯಲ್ಲಿ ಹರಿದಿವೆ. ಆ ಹಾಳೆಗಳನ್ನು ನನಗೆ ತೋರಿಸಿದ್ದಾರೆ.

2024ರ ಆಗಸ್ಟಿನಲ್ಲಿ ಬ್ಯಾಂಕಿನ ಮಾದರಿ ಸಹಿಯ ಕಾರ್ಡಿನ ಮೇಲೆ ಅವರು ಮೂರು ಸಲ ಬರೆದರು. ಮೂರೂ ಒಂದೇ ಥರ ಇದ್ದವು.

ಆ ವರ್ಷದ ಮೊದಲ ಪಾತ್ರೆ ಒಲೆಗೇರಿದ್ದು ಸೆಪ್ಟೆಂಬರಿನ ಒಂದು ಸೋಮವಾರ. ನಾನು ಹೋಗುವಷ್ಟರಲ್ಲಿ ಅವರು ಕಾಯಿ ತುರಿಯುವ ಕೆಲಸ ಮುಗಿಸಿ, ಕೈ ತೊಳೆದು, ವಹಿಯ ಮುಂದೆ ಕೂತಿದ್ದರು. ದಿನಾಂಕ ಬರೆದರು. ‘ತೆಂಗಿನಕಾಯಿ ತುರಿದದ್ದು’ ಎಂದು ಬರೆದು ಪಕ್ಕದಲ್ಲಿ 2 ಗಂಟೆ ಎಂದು ಹಾಕಿದರು. ಗೋಡೆಯ ಗಡಿಯಾರದತ್ತ ನೋಡಿದರು. ಬೆರಳಿನಲ್ಲಿ ಏನೋ ಎಣಿಸಿ, 2ನ್ನು ಹೊಡೆದುಹಾಕಿ, ಎರಡೂಕಾಲು ಎಂದು ತಿದ್ದಿದರು.